ಛಾಪಾ ಕಾಗದದ ಸೋಡಚೀಟಿ



ನಮ್ಮ ಈ ಪತ್ರಿಕೆಯಲ್ಲಿ ಪಗಾರ, ರಜೆ, ಬೋನಸು, ಮಲಗುವ ಜಾಗ ಇವುಗಳ ಮಾತು ಬರುವುದು ವಾಡಿಕೆ. ಈ ಸಲ ನಾನು ಗಂಡ ಹೆಂಡಿರ ಬಿಡುಗಡೆಯ ವಿಷಯ ಬರೆಯುತ್ತೇನೆಂದಾಗ ಕಚೇರಿಯಲ್ಲಿ ಕೂತಿದ್ದ ಹಿರಿಯರೊಬ್ಬರು, "ಮನೆಯ ಮಾತು ಮನೆಯಲ್ಲಿರಲಿ ಮಾರಾಯ, ಸಂಘಕ್ಕೆ ಅದು ಯಾಕೆ?" ಎಂದರು. ಅವರ ಮೇಲೆ ನನಗೆ ಗೌರವವಿದೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಮನೆಯ ಈ ಮಾತು ಎಷ್ಟೋ ಸಲ ಸಂಘದ ಮೇಜಿನ ಮೇಲೆಯೇ ಬಂದು ಬೀಳುತ್ತದೆ. ಒಮ್ಮೆ ಹಾಗೆ ಬಂದು ಬಿದ್ದ ಕಾಗದದಲ್ಲಿ ನನ್ನ ಕೈಬರಹವೇ ಇತ್ತು.

ನಾನು ಏಳನೇ ತರಗತಿ ಮುಗಿಸಿ ಮುಂಬಯಿಗೆ ಬಂದವನು. ಮೊದಲು ಕಪ್ಪು ಬಸಿ ತೊಳೆದೆ, ಆಮೇಲೆ ಟೇಬಲಿಗೆ ಬಂದೆ, ಕೆಲವು ಕಾಲ ಗಲ್ಲಾದ ಹತ್ತಿರವೂ ನಿಂತೆ. ನನ್ನ ಅಕ್ಷರ ದುಂಡಗೆ ಎಂದು ಹೊಟೇಲಿನ ಹುಡುಗರು ಅರ್ಜಿ ಬರೆಸಿಕೊಳ್ಳಲು ನನ್ನ ಬಳಿ ಬರುತ್ತಿದ್ದರು. ಸಂಘದ ಕೆಲಸಕ್ಕೆ ನಾನು ಬಂದದ್ದು ಹಾಗೆಯೇ. 2012ರಲ್ಲಿ ಭಟಾರಖಾನೆಯಲ್ಲಿ ನನ್ನೊಂದಿಗೆ ದುಡಿದ ಒಬ್ಬ ಅಡುಗೆಯವನು ನೂರು ರೂಪಾಯಿಯ ಛಾಪಾ ಕಾಗದ ಹಿಡಿದುಕೊಂಡು ಬಂದನು. ಕುಂದಾಪುರ ತಾಲೂಕಿನ ಅವನ ಹಳ್ಳಿಯಲ್ಲಿ ಹೆಂಡತಿ ಇದ್ದಳು, ಒಬ್ಬ ಮಗಳಿದ್ದಳು. ಹೊಟೇಲಿನ ಮಾಳಿಗೆಯಲ್ಲಿ ಮಲಗುವವನಿಗೆ ಸಂಸಾರ ತರಲು ಜಾಗವೆಲ್ಲಿ? ವರ್ಷಕ್ಕೊಮ್ಮೆ ಊರು, ಅದೂ ಹದಿನೈದು ದಿನ. ಹೀಗೆ ಆರೇಳು ವರ್ಷ ಕಳೆಯುವಷ್ಟರಲ್ಲಿ ಅಲ್ಲಿಗೂ ಇಲ್ಲಿಗೂ ಮಾತು ಕಡಿಮೆಯಾಗಿತ್ತು. ಇಲ್ಲಿ ಇನ್ನೊಬ್ಬಳ ಪರಿಚಯವಾಗಿತ್ತು. "ಇಬ್ಬರಿಗೂ ಒಪ್ಪಿಗೆಯಿದೆ, ಒಂದು ಸೋಡಚೀಟಿ ಬರೆದುಕೊಡು" ಎಂದನು. ನಾನು ಬರೆದೆ. ಇಂದಿನಿಂದ ನಮ್ಮಿಬ್ಬರಿಗೂ ಸಂಬಂಧವಿಲ್ಲ, ಯಾರೂ ಯಾರನ್ನೂ ಮದುವೆಯಾಗಬಹುದು, ನಲವತ್ತು ಸಾವಿರ ರೂಪಾಯಿ ಕೊಟ್ಟಿರುತ್ತೇನೆ, ಮುಂದೆ ಯಾವ ಹಕ್ಕೂ ಇಲ್ಲ ಎಂದು ಬರೆದೆ. ಸಾಕ್ಷಿಯ ಜಾಗದಲ್ಲಿ ನನ್ನ ರುಜು ಹಾಕಿದೆ. ಕೆಂಪು ಮುದ್ರೆ ಒತ್ತಿಸಿಕೊಂಡು ಅವನು ಊರಿಗೆ ಹೋಗಿ ಅವಳ ರುಜುವನ್ನೂ ತಂದನು. ಜಗಳವಿಲ್ಲದೆ, ಕೋರ್ಟಿನ ಖರ್ಚಿಲ್ಲದೆ ಒಂದು ವ್ಯಾಜ್ಯ ತೀರಿಸಿದೆನೆಂದು ನನಗೆ ಒಳಗೊಳಗೆ ಹೆಮ್ಮೆಯೂ ಆಯಿತು.

2021ರಲ್ಲಿ ಆ ಅಡುಗೆಯವನು ತೀರಿಕೊಂಡನು. ಹದಿನೈದು ದಿನಕ್ಕೆಲ್ಲ ಇಬ್ಬರು ಹೆಂಗಸರು ಸಂಘದ ಕಚೇರಿಗೆ ಬಂದರು. ಒಬ್ಬಳು ಊರಿನಿಂದ ಮಗಳನ್ನು ಕರೆದುಕೊಂಡು, ಇನ್ನೊಬ್ಬಳು ಇಲ್ಲಿಯ ಖೋಲಿಯಿಂದ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು. ಇಬ್ಬರೂ ಕೇಳಿದ್ದು ಒಂದನ್ನೇ: ಅವನ ಭವಿಷ್ಯನಿಧಿ ಯಾರಿಗೆ? ನಿಧಿಯ ಕಾಗದದಲ್ಲಿ ಹೆಸರಿದ್ದದ್ದು ಅವನ ತಾಯಿಯದು, ತಾಯಿ ಸತ್ತು ವರ್ಷಗಳಾಗಿದ್ದವು. ಇಲ್ಲಿಯವಳು ನನ್ನ ದುಂಡಗಿನ ಅಕ್ಷರದ ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ನಾವು ಅದನ್ನು ಹಿಡಿದುಕೊಂಡು ವಕೀಲರ ಬಳಿಗೆ ಹೋದೆವು. ವಕೀಲರು ಒಮ್ಮೆ ಓದಿ ಮಡಚಿ ಹಿಂದಕ್ಕೆ ಕೊಟ್ಟು, "ಇದಕ್ಕೆ ಛಾಪಾ ಕಾಗದದ ಬೆಲೆಯೂ ಇಲ್ಲ" ಎಂದರು.

ಆ ದಿನದಿಂದ ನಾನು ಈ ಕಾನೂನನ್ನು ತಿಳಿದವರಿಂದ ಕೇಳಿ, ಓದಿಸಿ, ನನ್ನ ಅಳತೆಗೆ ಎಟಕುವಷ್ಟು ಕಲಿತಿದ್ದೇನೆ. ಅದನ್ನೇ ನಿಮ್ಮ ಮುಂದಿಡುತ್ತೇನೆ.

ಹಿಂದೂಗಳ ವಿವಾಹ ಕಾನೂನು ಜಾರಿಗೆ ಬಂದದ್ದು 1955ರ ಮೇ 18ರಂದು. ಅದಕ್ಕೂ ಮೊದಲೇ ಆಗಿನ ಮುಂಬಯಿ ಪ್ರಾಂತದಲ್ಲಿ 1946ರಲ್ಲಿ ದ್ವಿಪತ್ನಿತ್ವವನ್ನು ತಡೆಯುವ ಕಾನೂನೂ 1947ರಲ್ಲಿ ವಿಚ್ಛೇದನದ ಕಾನೂನೂ ಆಗಿದ್ದವು. ಧಾರವಾಡ, ಬೆಳಗಾವಿ, ಕಾರವಾರದವರು ಆಗ ಅದೇ ಪ್ರಾಂತದವರು. ದಕ್ಷಿಣ ಕನ್ನಡ ಸೇರಿದ್ದ ಮದರಾಸಿನಲ್ಲಿ 1949ರಲ್ಲಿ ಅಂಥದೇ ಕಾನೂನು ಬಂತು. ಇಡೀ ದೇಶಕ್ಕೆ ಒಂದು ಹಿಂದೂ ಕಾನೂನನ್ನು ರೂಪಿಸಲು 1941ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರು ನಮ್ಮ ದಕ್ಷಿಣ ಕನ್ನಡದವರೇ ಆದ ಬೆನಗಲ್ ನರಸಿಂಗ ರಾಯರು. ಆ ಮಸೂದೆ ಮುಂದೆ ಹೋಗದೆ ನಿಂತಾಗ ಡಾ. ಅಂಬೇಡ್ಕರರು 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟರು. ಹೆಣ್ಣಿಗೂ ಗಂಡಿಗೂ ಕೋರ್ಟಿನ ಬಾಗಿಲು ತೆರೆಯಬೇಕೆಂದು ದೊಡ್ಡವರು ಇಷ್ಟು ಹೋರಾಡಿರುವಾಗ, ನಾವು ಎಪ್ಪತ್ತು ವರ್ಷ ಕಳೆದ ಮೇಲೂ ಛಾಪಾ ಕಾಗದ ಮಾರುವವನ ಬಾಗಿಲಲ್ಲಿಯೇ ನಿಂತಿದ್ದೇವೆ.

ಮೊದಲು ತಿಳಿಯಬೇಕಾದದ್ದು ಇಷ್ಟು. ಕೋರ್ಟಿನ ಡಿಕ್ರಿ ಇಲ್ಲದೆ ವಿಚ್ಛೇದನವಿಲ್ಲ. ಛಾಪಾ ಕಾಗದ ಐನೂರು ರೂಪಾಯಿಯದಾದರೂ ಇಲ್ಲ, ನೋಟರಿಯ ಮುದ್ರೆ ಬಿದ್ದರೂ ಇಲ್ಲ, ಊರ ಹತ್ತು ಸಮಸ್ತರು ರುಜು ಹಾಕಿದರೂ ಇಲ್ಲ. ಮದುವೆ ಮತ್ತು ವಿಚ್ಛೇದನದ ಪತ್ರಗಳನ್ನು ಮಾಡಿಕೊಡಬಾರದೆಂದು 2024ರಲ್ಲಿ ಕೇಂದ್ರದ ಕಾನೂನು ಇಲಾಖೆಯೇ ನೋಟರಿಗಳಿಗೆ ಎಚ್ಚರಿಕೆ ಕೊಟ್ಟಿದೆ. ಕೆಲವು ಜಾತಿಗಳಲ್ಲಿ ಹಿಂದಿನಿಂದ ಬಂದ ಬಿಡುಗಡೆಯ ಕಟ್ಟಳೆಯಿದ್ದರೆ ಅದನ್ನು 29ನೇ ಕಲಮು ಉಳಿಸಿಕೊಟ್ಟಿದೆ, ನಿಜ. ಆದರೆ ಅಂಥ ಕಟ್ಟಳೆ ಪುರಾತನದ್ದು, ಕಡಿಯದೆ ನಡೆದುಬಂದದ್ದು ಎಂದು ಹೇಳುವವನೇ ಕೋರ್ಟಿನಲ್ಲಿ ಸಾಕ್ಷಿ ಸಮೇತ ರುಜುವಾತು ಮಾಡಬೇಕು. "ನಮ್ಮಲ್ಲಿ ಹೀಗೇ ನಡೆಯುತ್ತದೆ" ಎಂಬ ಬಾಯಿಮಾತು ಸಾಲದು.

ಎರಡನೆಯದು, ಏಳು ವರ್ಷದ ಮಾತು. ಏಳು ವರ್ಷ ಬೇರೆಯಿದ್ದರೆ ಮದುವೆ ತಾನಾಗಿಯೇ ಬಿಟ್ಟುಹೋಗುತ್ತದೆಂದು ನಮ್ಮ ಹೊಟೇಲುಗಳಲ್ಲಿ ಎಲ್ಲರೂ ನಂಬಿದ್ದಾರೆ. ಅದು ತಪ್ಪು. ಬದುಕಿದ್ದರೆ ಯಾರಿಗೆ ಸುದ್ದಿ ಸಿಗಬೇಕಿತ್ತೋ ಅವರಿಗೇ ಏಳು ವರ್ಷ ಸುದ್ದಿ ಇಲ್ಲವಾದರೆ, ಆ ಕಾರಣ ಕೊಟ್ಟು ಕೋರ್ಟಿಗೆ ಅರ್ಜಿ ಹಾಕಬಹುದು, ಅಷ್ಟೇ. ಎಪ್ಪತ್ತು ವರ್ಷ ಬೇರೆಯಿದ್ದರೂ ಮದುವೆ ತಾನಾಗಿ ಕಡಿಯುವುದಿಲ್ಲ.

ಹಾಗಾದರೆ ದಾರಿ ಯಾವುದು? ದಾರಿಗಳು ಮೂರಿವೆ.

ಇಬ್ಬರಿಗೂ ಒಪ್ಪಿಗೆಯಿದ್ದರೆ 1976ರಲ್ಲಿ ಸೇರಿಸಿದ ಪರಸ್ಪರ ಸಮ್ಮತಿಯ ದಾರಿಯಿದೆ. ಅವರು ಒಂದು ವರ್ಷವಾದರೂ ಬೇರೆಯಾಗಿ ಬಾಳಿರಬೇಕು. ಇಬ್ಬರೂ ಕೂಡಿ ಒಂದೇ ಅರ್ಜಿ ಹಾಕಬೇಕು. ಮದುವೆಯ ಪುರಾವೆ, ಗುರುತಿನ ಚೀಟಿ, ಮಕ್ಕಳು ಯಾರಲ್ಲಿರುತ್ತಾರೆ, ಹಣದ ಏರ್ಪಾಡೇನು, ಇವೆಲ್ಲ ಅದರಲ್ಲಿ ಸ್ಪಷ್ಟವಾಗಿರಬೇಕು. ಅರ್ಜಿ ಕೊಟ್ಟು ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳ ಒಳಗೆ, ಇಬ್ಬರೂ ಮತ್ತೆ ಬಂದು ನಮ್ಮ ಮನಸ್ಸು ಬದಲಾಗಿಲ್ಲ ಎನ್ನಬೇಕು. ಬಹಳ ಕಾಲದಿಂದ ಬೇರೆಯಿದ್ದು ಎಲ್ಲವೂ ಇತ್ಯರ್ಥವಾಗಿದ್ದರೆ ಈ ಆರು ತಿಂಗಳನ್ನು ಕೋರ್ಟು ಮನ್ನಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಡಿಕ್ರಿ ಆಗುವವರೆಗೂ ಇಬ್ಬರಲ್ಲಿ ಯಾರೇ ಆಗಲಿ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ಮುಖ್ಯವಾಗಿ ತಿಳಿಸಬೇಕು. ಅಣ್ಣನೋ ಭಾವನೋ ಗದರಿಸಿ ರುಜು ಹಾಕಿಸಿದರೆ ಅಲ್ಲಿಗೆ ಮುಗಿಯಲಿಲ್ಲ. ನ್ಯಾಯಾಧೀಶರ ಮುಂದೆ ನಿಂತು "ನನಗೆ ಒಪ್ಪಿಗೆಯಿಲ್ಲ" ಎನ್ನುವ ಹಕ್ಕು ಅವಳಿಗಿದೆ.

ಒಬ್ಬರಿಗೆ ಮಾತ್ರ ಬೇಕಾದರೆ 13ನೇ ಕಲಮಿನಲ್ಲಿ ಹೇಳಿದ ಕಾರಣಗಳಲ್ಲಿ ಒಂದನ್ನು ತೋರಿಸಬೇಕು. ವ್ಯಭಿಚಾರ, ಕ್ರೌರ್ಯ, ಎರಡು ವರ್ಷ ಎಡೆಬಿಡದೆ ತೊರೆದಿರುವುದು, ಮತಾಂತರ, ಕೂಡಿ ಬಾಳಲಾಗದಷ್ಟು ಬುದ್ಧಿಭ್ರಮೆ, ಈ ಮೊದಲಾದವು. ಕುಷ್ಠರೋಗವೂ ಆ ಪಟ್ಟಿಯಲ್ಲಿತ್ತು, 2019ರಲ್ಲಿ ಅದನ್ನು ತೆಗೆದುಹಾಕಿದರು. "ಹೊಂದಿಕೆಯಾಗುವುದಿಲ್ಲ" ಎಂಬುದೊಂದೇ ಈ ಪಟ್ಟಿಯಲ್ಲಿಲ್ಲ. ಮತ್ತೆ ಕೂಡಲಾರದಷ್ಟು ಮುರಿದ ಮದುವೆಯನ್ನು ಆ ಕಾರಣಕ್ಕಾಗಿಯೇ ಬಿಡಿಸುವ ವಿಶೇಷ ಅಧಿಕಾರ ಸುಪ್ರೀಂ ಕೋರ್ಟಿಗೆ ಇದೆಯೆಂದು 2023ರಲ್ಲಿ ತೀರ್ಪಾಗಿದೆ. ಕೆಳಗಿನ ಕೋರ್ಟುಗಳಿಗೆ ಅದಿಲ್ಲ. ಮದುವೆಯಾಗಿ ಒಂದು ವರ್ಷದೊಳಗೆ, ತೀರ ಅಸಾಧಾರಣ ಕಷ್ಟವಿದ್ದ ಹೊರತು, ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ. ಅರ್ಜಿಯ ಮೇಲೆ ಎದುರು ಪಕ್ಷಕ್ಕೆ ಸಮನ್ಸು ಹೋಗುತ್ತದೆ, ಅವರು ಲಿಖಿತ ಜವಾಬು ಕೊಡುತ್ತಾರೆ. ಕೂಡಿಸಲು ಸಾಧ್ಯವೇ ಎಂದು ಸಲಹೆಗಾರರು ಇಬ್ಬರನ್ನೂ ಕರೆದು ಕೇಳುತ್ತಾರೆ. ಆಗದಿದ್ದರೆ ಸಾಕ್ಷಿ, ವಾದ, ತೀರ್ಪು.

ಇಲ್ಲಿ ಹೊಟೇಲು ಬದಲಾಯಿಸುತ್ತಲೇ ಇರುವ ನಮ್ಮವರಿಗೆ ಒಂದು ಎಚ್ಚರಿಕೆ. ಸಮನ್ಸು ಹಳೆಯ ವಿಳಾಸಕ್ಕೆ ಬಂದಿದೆಯೆಂದು ಸುಮ್ಮನಿರಬೇಡಿ, "ಊರಿನ ಕೋರ್ಟು ನನ್ನನ್ನೇನು ಮಾಡೀತು" ಎಂದು ಹರಿದು ಹಾಕಬೇಡಿ. ಹಾಜರಾಗದವನ ಮೇಲೆ ಏಕತರ್ಫಿ ತೀರ್ಪಾಗುತ್ತದೆ. ಅದನ್ನು ಬಿಡಿಸಿಕೊಳ್ಳಲು ಮೊದಲಿನ ಇಮ್ಮಡಿ ಕಷ್ಟ.

ಮೂರನೆಯ ದಾರಿ ನಮ್ಮವರಿಗೆ ಗೊತ್ತೇ ಇಲ್ಲ. ಮದುವೆಯನ್ನು ಕಡಿಯದೆ, ಕೂಡಿ ಬಾಳುವ ಕಟ್ಟಿನಿಂದ ಮಾತ್ರ ಬಿಡಿಸಿಕೊಳ್ಳುವುದು. ಕಾನೂನಿನ 10ನೇ ಕಲಮಿನಲ್ಲಿ ಇದಕ್ಕೆ ನ್ಯಾಯಿಕ ಪ್ರತ್ಯೇಕತೆ ಎಂದು ಹೆಸರು. ಕುಡಿದು ಹೊಡೆಯುವ ಗಂಡನಿಂದ ದೂರವಿರಬೇಕು, ಆದರೆ ಬಿಡುಗಡೆಗೆ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ ಎನ್ನುವವಳಿಗೆ ಇದು ತಕ್ಕದ್ದು. ಈ ಡಿಕ್ರಿಯಿಂದ ಇಬ್ಬರೂ ಮರುಮದುವೆಯಾಗುವಂತಿಲ್ಲ. ಒಂದು ವರ್ಷ ಕಳೆದರೂ ಕೂಡಿ ಬಾಳದಿದ್ದರೆ ಯಾರಾದರೊಬ್ಬರು ವಿಚ್ಛೇದನಕ್ಕೆ ಹೋಗಬಹುದು. ಅಷ್ಟರಲ್ಲಿ ಮನಸ್ಸು ತಿಳಿಯಾದರೆ ಮತ್ತೆ ಕೂಡಲೂಬಹುದು.

ನಮ್ಮಲ್ಲಿ ಬೇರೆ ಮತದವರೂ ಇದ್ದಾರೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾನೂನು. 2001ರ ತಿದ್ದುಪಡಿಯಿಂದ ಅವರಿಗೂ ಪರಸ್ಪರ ಸಮ್ಮತಿಯ ದಾರಿ ತೆರೆದಿದೆ. ಇಗರ್ಜಿಯ ತೀರ್ಮಾನ ಕೋರ್ಟಿನ ಡಿಕ್ರಿಯ ಜಾಗವನ್ನು ತುಂಬುವುದಿಲ್ಲವೆಂದು 2017ರಲ್ಲಿಯೂ ಸುಪ್ರೀಂ ಕೋರ್ಟು ಹೇಳಿದೆ. ಮುಸ್ಲಿಂ ಹೆಂಗಸರಿಗೆ 1939ರ ಕಾನೂನಿನಂತೆ ಕೋರ್ಟಿಗೆ ಹೋಗುವ ಹಕ್ಕಿದೆ. ಒಂದೇ ಉಸಿರಿನ ಮೂರು ತಲಾಖ್ 2017ರಲ್ಲಿ ರದ್ದಾಯಿತು, 2019ರಲ್ಲಿ ಅಪರಾಧವೂ ಆಯಿತು. ರಿಜಿಸ್ಟ್ರಾರರ ಮುಂದೆ ವಿಶೇಷ ವಿವಾಹವಾದವರಿಗೆ 1954ರ ಕಾನೂನು.

"ಕೋರ್ಟು ಎಂದರೆ ಖರ್ಚು, ನಮ್ಮಂಥವರಿಗಲ್ಲ" ಎನ್ನುವವರಿಗೆ ನನ್ನ ಉತ್ತರ ಇದು. 1987ರ ಕಾನೂನು ಸೇವೆಗಳ ಕಾನೂನಿನ 12ನೇ ಕಲಮಿನಂತೆ ಬಿಟ್ಟಿ ವಕೀಲರನ್ನು ಪಡೆಯಲು ಹೆಂಗಸರೆಲ್ಲರೂ ಅರ್ಹರು, ಅವರ ಆದಾಯವನ್ನು ಕೇಳುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರು ಅರ್ಹರು. ಆ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕ ಎಂಬ ಹೆಸರೂ ಇದೆ. ತಾಲೂಕು ಕೋರ್ಟಿನಲ್ಲಿ ಇದರ ಸಮಿತಿಯಿದೆ, ಜಿಲ್ಲೆಯಲ್ಲಿ ಪ್ರಾಧಿಕಾರವಿದೆ, 15100ಕ್ಕೆ ಫೋನು ಮಾಡಿ ಕೇಳಬಹುದು. ಮುಂಬಯಿಯ ಕುಟುಂಬ ನ್ಯಾಯಾಲಯ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿದೆ. 1984ರ ಕಾನೂನಿನಂತೆ ಹುಟ್ಟಿದ ಈ ಕೋರ್ಟುಗಳಲ್ಲಿ ವಕೀಲರೇ ಬೇಕೆಂದಿಲ್ಲ, ತಾನೇ ನಿಂತು ಹೇಳಿಕೊಳ್ಳಬಹುದು.

ಊರಿನಲ್ಲಿರುವ ಹೆಂಡತಿ ಅರ್ಜಿ ಹಾಕಲು ಮುಂಬಯಿಯವರೆಗೆ ರೈಲು ಹತ್ತಿ ಬರಬೇಕಾಗಿಯೂ ಇಲ್ಲ. 2003ರ ತಿದ್ದುಪಡಿಯಿಂದ ಅವಳು ತಾನಿರುವ ಸ್ಥಳದ ಕೋರ್ಟಿನಲ್ಲಿಯೇ ಅರ್ಜಿ ಹಾಕಬಹುದು. ಮೊಕದ್ದಮೆ ನಡೆಯುತ್ತಿರುವಾಗಲೇ ಖರ್ಚಿಗೂ ಹೊಟ್ಟೆಗೂ ಗಂಡನಿಂದ ಹಣ ಕೇಳಬಹುದು. ದುಡಿಮೆಯಿಲ್ಲದ ಗಂಡನೂ ಆ ಕಾನೂನಿನಡಿ ದುಡಿಯುವ ಹೆಂಡತಿಯಿಂದ ಕೇಳಬಹುದು. ವಿಚ್ಛೇದನವೇ ಬೇಡ, ಜೀವನಾಂಶ ಮಾತ್ರ ಬೇಕೆನ್ನುವವಳು ಮ್ಯಾಜಿಸ್ಟ್ರೇಟರ ಬಳಿಗೋ ಕುಟುಂಬ ನ್ಯಾಯಾಲಯಕ್ಕೋ ಹೋಗಬಹುದು. ಹಿಂದೆ 125ನೇ ಕಲಮು ಎನ್ನುತ್ತಿದ್ದೆವು. 2024ರ ಜುಲೈ 1ರಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ತಿಂಗಳಿಗೆ ಐನೂರೇ ರೂಪಾಯಿ ಎಂಬ ಹಳೆಯ ಮಿತಿ 2001ರಲ್ಲಿಯೇ ಹೋಯಿತು. ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ ಆದಾಯಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ವಿಧಿಸಿದೆ. ಪಗಾರದ ಚೀಟಿ ಕೊಡದ ಸೇಟರ ಕೈಕೆಳಗಿರುವ ನಮಗೆ ಇದೂ ಒಂದು ಪಾಠ. ಹೆಂಡತಿಗೂ ಕೋರ್ಟಿಗೂ ಸರಿಯಾದ ಲೆಕ್ಕ ತೋರಿಸಲು ಮೊದಲು ಕೈಯಲ್ಲಿ ಪಗಾರದ ಚೀಟಿ ಇರಬೇಕು.

ಇನ್ನು ಡಿಕ್ರಿ ಇಲ್ಲದೆ ಎರಡನೆಯ ಮದುವೆಯಾದರೆ ಏನು? ಆ ಮದುವೆ ಕಾನೂನಿನ ದೃಷ್ಟಿಯಲ್ಲಿ ಮದುವೆಯೇ ಅಲ್ಲ. ಈಗಿನ ನ್ಯಾಯ ಸಂಹಿತೆಯ 82ನೇ ಕಲಮಿನಂತೆ ಏಳು ವರ್ಷದವರೆಗೆ ಸೆರೆಮನೆ. ಡಿಕ್ರಿ ಆದ ಮೇಲೂ ಮೇಲ್ಮನವಿಯ ಅವಧಿ ಕಳೆಯುವವರೆಗೆ ತಡೆಯಬೇಕು. ಇಂಥ ಮದುವೆಯ ಮಕ್ಕಳದ್ದೇನೂ ತಪ್ಪಿಲ್ಲವಾದ್ದರಿಂದ 16ನೇ ಕಲಮು ಅವರನ್ನು ಔರಸ ಮಕ್ಕಳೆಂದೇ ಎಣಿಸುತ್ತದೆ. ತಂದೆತಾಯಿಯ ಪಾಲಿಗೆ ಬರುವ ಆಸ್ತಿಯಲ್ಲಿ ಅವರಿಗೆ ಹಕ್ಕಿದೆಯೆಂದು, ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಮೊಕದ್ದಮೆಯಲ್ಲಿ, 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ಈಗ ಮತ್ತೆ ನಮ್ಮ ಅಡುಗೆಯವನ ಮನೆಗೆ ಬರೋಣ. ಆ ಇಬ್ಬರು ಹೆಂಗಸರು ಎರಡು ವರ್ಷ ಕಚೇರಿ ಕಚೇರಿ ಅಲೆದರು. ಪಿಂಚಣಿ ಊರಿನವಳಿಗಾಯಿತು. ನಿಧಿಯ ಹಣದಲ್ಲಿ ಮೂರು ಮಕ್ಕಳಿಗೂ ಪಾಲು ಸಿಗುವಂತೆ ಕೊನೆಗೆ ಒಪ್ಪಂದವಾಯಿತು. ಒಂಬತ್ತು ವರ್ಷ ಅವನಿಗೆ ಬೇಯಿಸಿ ಹಾಕಿದ, ಅವನ ಕಾಯಿಲೆಯಲ್ಲಿ ಆಸ್ಪತ್ರೆಯ ಬಾಗಿಲು ಕಾದ ಇಲ್ಲಿಯವಳಿಗೆ ಕಾನೂನಿನಲ್ಲಿ ಹೆಂಡತಿಯೆಂಬ ಹೆಸರೂ ಉಳಿಯಲಿಲ್ಲ. ಮೋಸ ಮಾಡಿದ್ದು ಅವಳಲ್ಲ, ನನ್ನ ಕಾಗದವನ್ನು ನಂಬಿದ್ದಳು. ಊರಿನವಳದ್ದು ಇನ್ನೊಂದು ಬಗೆ. ಅವಳನ್ನು ಕೇಳಿಕೊಂಡು ಒಳ್ಳೆಯ ಸಂಬಂಧವೊಂದು ಬಂದಿತ್ತಂತೆ. ವರನ ಕಡೆಯವರು ಕೋರ್ಟಿನ ಕಾಗದ ಕೇಳಿದರಂತೆ. ಇವಳಲ್ಲಿ ಇದ್ದದ್ದು ನನ್ನ ಬರಹದ ನಕಲು ಮಾತ್ರ. ಬಂದವರು ಎದ್ದುಹೋದರು.

ಎಲ್ಲ ಮುಗಿದ ದಿನ ಅವಳು ನನಗೆ ಹೇಳಿದ ಮಾತು ಇಷ್ಟೇ: "ಅಣ್ಣಾ, ನೀವು ಬರೆದದ್ದಕ್ಕೆ ನನಗೆ ಸಿಟ್ಟಿಲ್ಲ. ಬರೆಯುವ ಮೊದಲು ನನ್ನನ್ನೊಂದು ಮಾತು ಕೇಳಬಹುದಿತ್ತು." ನಾನು ತಲೆ ತಗ್ಗಿಸಿದೆ. ಅವನು ಹೇಳಿದ ಒಪ್ಪಿಗೆಯನ್ನು ನಾನು ನಂಬಿದ್ದೆ. ಅವಳ ಬಾಯಿಂದ ಕೇಳಿರಲಿಲ್ಲ. ಕೋರ್ಟು ಎರಡು ಸಲ ಕರೆದು ಕೇಳುವುದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ವಿಳಂಬವೆಂದು ನಾವು ಬಯ್ಯುವ ಕೋರ್ಟಿನ ಆ ಆರು ತಿಂಗಳ ಅರ್ಥ ಆಗ ನನಗೆ ತಿಳಿಯಿತು.

ಕೋರ್ಟಿಗೆ ಹೋದರೆ ಎಲ್ಲವೂ ಸುಖವಾಗುತ್ತದೆ ಎಂದು ನಾನು ಹೇಳುವುದಿಲ್ಲ. ತಾರೀಖಿನ ಮೇಲೆ ತಾರೀಖು ಬೀಳುತ್ತದೆ. ಒಂದು ದಿನ ಹಾಜರಿಗೆ ಒಂದು ದಿನದ ಪಗಾರ ಹೋಗುತ್ತದೆ. ಕನ್ನಡ ಮಾತ್ರ ಬಲ್ಲ ಹೆಂಗಸು ಬಾಂದ್ರಾದ ಕೋರ್ಟಿನಲ್ಲಿ ಮರಾಠಿ, ಹಿಂದಿಗಳ ನಡುವೆ ಕಂಗಾಲಾಗುತ್ತಾಳೆ. ಈ ಕಷ್ಟ ನಿಜ. ಆದುದರಿಂದಲೇ ಇದು ಸಂಘದ ಕೆಲಸ ಎನ್ನುತ್ತೇನೆ.

ನನ್ನ ಸೂಚನೆಗಳು ನಾಲ್ಕು. ಒಂದು, ಸಂಘದ ಯಾವ ಪದಾಧಿಕಾರಿಯೂ ಸೋಡಚೀಟಿ ಬರೆಯಬಾರದು, ಅದಕ್ಕೆ ಸಾಕ್ಷಿ ಹಾಕಬಾರದು ಎಂದು ಬರುವ ಮಹಾಸಭೆಯಲ್ಲಿ ಠರಾವು ಆಗಲಿ. ಎರಡು, ತಿಂಗಳಿಗೊಂದು ಆದಿತ್ಯವಾರ ಕನ್ನಡ ಬಲ್ಲ ವಕೀಲರೊಬ್ಬರನ್ನು ಕಚೇರಿಯಲ್ಲಿ ಕೂಡಿಸೋಣ, ಹೆಂಗಸರು ಸಂಕೋಚವಿಲ್ಲದೆ ಮಾತಾಡಲು ಹೆಂಗಸರೇ ಒಬ್ಬರಿರಲಿ. ಕೋರ್ಟಿಗೆ ಜೊತೆಯಾಗಿ ಹೋಗುವ ಸ್ವಯಂಸೇವಕರೂ ಇರಲಿ. ಮೂರು, ಮದುವೆಯಾದವರೆಲ್ಲ ಮದುವೆಯನ್ನು ರಿಜಿಸ್ಟರು ಮಾಡಿಸಲಿ. 2006ರಲ್ಲಿಯೇ ಸುಪ್ರೀಂ ಕೋರ್ಟು ಇದನ್ನು ಕಡ್ಡಾಯಗೊಳಿಸಲು ಹೇಳಿದೆ. ನಾಲ್ಕು, ಭವಿಷ್ಯನಿಧಿಯ ನಾಮನಿರ್ದೇಶನವನ್ನು ಪ್ರತಿಯೊಬ್ಬರೂ ಇದೇ ತಿಂಗಳು ತೆರೆದು ನೋಡಲಿ. ಮದುವೆಗೆ ಮೊದಲು ಬರೆದದ್ದು ಮದುವೆಯಾದ ಮೇಲೆ ನಡೆಯುವುದಿಲ್ಲ.

ಬಿಡುಗಡೆ ಬೇಕಾದವರನ್ನು ನಾನು ಹೀಗಳೆಯುವವನಲ್ಲ. ಹೊಟೇಲಿನ ಮಾಳಿಗೆಯ ಬಾಳು ಎಷ್ಟು ಸಂಸಾರಗಳನ್ನು ತಿಂದಿದೆಯೆಂದು ನಮಗೆಲ್ಲರಿಗೂ ಗೊತ್ತು. ಕೂಡಿ ಬಾಳಲಾಗದಿದ್ದರೆ ಬೇರೆಯಾಗಲಿ. ಆದರೆ ಇಬ್ಬರಿಗೂ ಮುಂದಿನ ಬಾಗಿಲು ತೆರೆಯುವ ಹಾಗೆ ಬೇರೆಯಾಗಲಿ. ನನ್ನ ದುಂಡಗಿನ ಅಕ್ಷರವನ್ನು ಹುಡುಕಿಕೊಂಡು ಈಗಲೂ ಕೆಲವರು ಛಾಪಾ ಕಾಗದ ಹಿಡಿದು ಬರುತ್ತಾರೆ. ಅವರಿಗೆ ನಾನು ಕುರ್ಚಿ ಕೊಡುತ್ತೇನೆ, ಚಹಾ ಕೊಡುತ್ತೇನೆ, ಆಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ: "ಅವಳ ಫೋನು ನಂಬರು ಕೊಡಿ, ಮೊದಲು ಅವಳ ಹತ್ತಿರ ಮಾತಾಡುತ್ತೇನೆ."